ಬಳೆ ಅಳತೆಯ ಬೆಲ್ಟು

ನನ್ನ ಗಂಡ ಷಡಕ್ಷರಿಗೆ ಒಂದು ಹೆಮ್ಮೆಯಿತ್ತು. ಹೆಂಡತಿಗೆ ಬಳೆ ತರುವುದರಲ್ಲಿ ಅವರು ಒಮ್ಮೆಯೂ ಅಳತೆ ತಪ್ಪಿಸಿದವರಲ್ಲ. ಕೊಳ್ಳೇಗಾಲಕ್ಕೆ ಹೊರಟಾಗ ನನ್ನ ಹಳೇ ಬಳೆಯೊಂದನ್ನು ಅಂಗಿ ಜೇಬಿಗೆ ಹಾಕಿಕೊಂಡು ಹೋಗುವರು. ಬಳೆ ಅಂಗಡಿಯವನು ಅದನ್ನು ಹೊಸದರ ಪಕ್ಕ ಹಿಡಿದು ನೋಡಿ ಕಟ್ಟಿಕೊಡುವನು. ನಮ್ಮ ಕಡೆ ಗಂಡಸರೆಲ್ಲ ಹೀಗೇ ಮಾಡುವುದು, ಅದರಲ್ಲಿ ವಿಶೇಷವಿಲ್ಲ. ಆದರೆ ಅದೇ ಬಳೆಯನ್ನು ಜೇಬಿನಲ್ಲಿಟ್ಟುಕೊಂಡು ಔಷಧಿ ಅಂಗಡಿಗೆ ಹೋದ ಪುಣ್ಯಾತ್ಮ ಇಡೀ ತಾಲ್ಲೂಕಿನಲ್ಲಿ ಇವರೊಬ್ಬರೇ ಇರಬೇಕು.

ಇದು ತೊಂಬತ್ತೊಂಬತ್ತನೇ ಇಸವಿಯ ಮಾತು. ದಸರಾಗೆ ಇನ್ನೂ ತಿಂಗಳಿತ್ತು. ತಾಲ್ಲೂಕು ದಸರಾ ಕ್ರೀಡಾಕೂಟಕ್ಕೆ ಕುಂತೂರಿನ ಮಹಿಳಾ ಮಂಡಳಿಯಿಂದ ಒಂದು ಥ್ರೋಬಾಲ್ ತಂಡ ಹೋಗಲೇಬೇಕು ಎಂದು ನಮ್ಮ ಅಂಗನವಾಡಿ ಟೀಚರ್ ಮಹಾದೇವಮ್ಮ ಹಟ ಹಿಡಿದು ಕೂತರು. ಮನೆಮನೆಗೆ ಬಂದು ಆಳು ಹಿಡಿಯತೊಡಗಿದರು. ನಾನು ಯಳಂದೂರಿನಲ್ಲಿ ಹುಟ್ಟಿ ಬೆಳೆದವಳು. ಅಲ್ಲಿ ಕಾಲೇಜಿನ ತಂಡದಲ್ಲಿ ನನ್ನ ಎಸೆತಕ್ಕೆ ಎದುರಾಳಿಗಳು ಹಿಂದೆ ಸರಿದು ನಿಲ್ಲುತ್ತಿದ್ದರು. ಸುಳ್ಳಲ್ಲ, ಬೇಕಾದರೆ ಕೇಳಿ ನೋಡಿ. ಮದುವೆಯಾಗಿ ಕುಂತೂರಿಗೆ ಬಂದ ಮೇಲೆ ನನ್ನ ಕೈಗೆ ಸಿಕ್ಕ ದುಂಡನೆಯ ಪದಾರ್ಥವೆಂದರೆ ರಾಗಿ ಹಿಟ್ಟಿನ ಮುದ್ದೆ ಒಂದೇ. ಮಹಾದೇವಮ್ಮ ಬಾಗಿಲಲ್ಲಿ ನಿಂತು, "ಪವಿತ್ರ, ನೀವು ಆಡ್ತಿದ್ರಂತಲ್ಲ?" ಎಂದು ಕೇಳಿದ್ದೇ ತಡ, "ನಾನು ಮಧ್ಯದಲ್ಲಿ ನಿಲ್ತೀನಿ" ಅಂದುಬಿಟ್ಟೆ. ಗಂಡನನ್ನೂ ಕೇಳಲಿಲ್ಲ, ಅತ್ತೆಯನ್ನೂ ಕೇಳಲಿಲ್ಲ. ಇನ್ನೊಂದು ಸಲ ಅಂಕಣದಲ್ಲಿ ನಿಂತು, ನೆಟ್ಟಿನ ಆಚೆಗೆ ಒಂದು ಸರಿಯಾದ ಎಸೆತ ಎಸೆಯಬೇಕು ಅನ್ನುವ ಆಸೆ ನನಗೆ ಅಷ್ಟಿತ್ತು. ಹೇಳಿಕೊಂಡರೆ ನಗುತ್ತಾರೆ ಎಂದು ಅಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಅತ್ತೆಯವರ ಹೆಸರು ದೊಡ್ಡಬಸಮ್ಮ. ಹೆಸರು ದೊಡ್ಡದು, ಆಳು ಕಡ್ಡಿ. ನನ್ನ ಗಂಡ ಇನ್ನೂ ಹೈಸ್ಕೂಲಿನಲ್ಲಿದ್ದಾಗ ಮಾವನವರು ತೀರಿಹೋಗಿದ್ದರು. ಆವತ್ತಿನಿಂದ ಅತ್ತೆಯವರ ಕೈ ಬರಿದು. ಅದಕ್ಕೋ ಏನೋ, ನನ್ನ ಬಳೆಗಳ ಮೇಲೆ ಅವರಿಗೆ ಸದಾ ಒಂದು ಕಣ್ಣು. ಬಳೆಗಾರ ಮನೆಗೆ ಬಂದು ಹೊಸ ಬಳೆ ತೊಡಿಸುವಾಗಲೂ ಪಕ್ಕದಲ್ಲಿ ಬಂದು ಕೂರುವರು. ಹಳೆಯದೆಲ್ಲ ಒಮ್ಮೆಗೇ ತೆಗೆಯಬಾರದು, ಒಂದನ್ನಾದರೂ ಕೈಯಲ್ಲಿ ಬಿಟ್ಟಿರಬೇಕು, ಮುತ್ತೈದೆ ಕೈ ಒಂದು ಗಳಿಗೆಯೂ ಬರಿದಾಗಿ ಇರಬಾರದು. ಬಳೆ ಒಡೆದರೆ ಒಡೆಯಿತು ಅನ್ನುವ ಹಾಗಿಲ್ಲ, ಹೆಚ್ಚಿತು ಅನ್ನಬೇಕು. ಆಟದ ಸುದ್ದಿ ಕಿವಿಗೆ ಬಿದ್ದಾಗ ರಾಮಾಯಣ ಆಗುತ್ತದೆ ಅಂತ ನಾನು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ತಯಾರಾಗಿಯೇ ನಿಂತಿದ್ದೆ. ಅವರು ಅಲಸಂದೆಕಾಯಿ ಸುಲಿಯುತ್ತಾ ತಲೆ ಕೂಡ ಎತ್ತಲಿಲ್ಲ.

"ಬಾಲ್ ಆಡಾಕೆ ಓಯ್ತೀಯಾ? ಓಗು. ಬಳೆ ಮಾತ್ರ ಜ್ವಾಪಾನ ಕಣಮ್ಮಿ," ಅಂದರು. ಅಷ್ಟೇ.

ತಯಾರಾಗಿದ್ದ ಜಗಳವೆಲ್ಲ ದಂಡವಾಯಿತು.

ಅಭ್ಯಾಸ ಶುರುವಾಗಿ ವಾರವೂ ಆಗಿರಲಿಲ್ಲ, ಮಹಾದೇವಮ್ಮನವರು ಎಸೆದ ಒಂದು ಚೆಂಡನ್ನು ನಾನು ಅಡ್ಡಾದಿಡ್ಡಿ ಹಿಡಿದೆ. ಬಲಗೈ ಮಣಿಕಟ್ಟು ಕಳಕ್ ಅಂತು. ಆವತ್ತು ಅಷ್ಟು ಗೊತ್ತಾಗಲಿಲ್ಲ. ಮಾರನೆ ಬೆಳಗ್ಗೆ ಹಿಟ್ಟು ತಿರುವಲು ಕೋಲು ಹಿಡಿದು ಒಂದು ಸುತ್ತು ಹಾಕಿದೆ ನೋಡಿ, ಮೊಣಕೈವರೆಗೆ ಬೆಂಕಿ ಹತ್ತಿದಂತಾಯಿತು. ಕೋಲು ಬಿಟ್ಟು ಕೂತಲ್ಲೇ ಅತ್ತುಬಿಟ್ಟೆ. ನೋವಿಗಲ್ಲ, ಆಟ ಹೋಯಿತಲ್ಲ ಎಂದು.

ಕೊಳ್ಳೇಗಾಲದ ಡಾಕ್ಟರು ಕೈಯನ್ನು ಆ ಕಡೆ ಈ ಕಡೆ ಬಗ್ಗಿಸಿ ನೋಡಿ, "ಮೂಳೆ ಮುರಿದಿಲ್ಲ, ನರ ಎಳೆದುಕೊಂಡಿದೆ," ಅಂದರು. ಎರಡು ವಾರ ಹಿಟ್ಟು ತಿರುವಬಾರದು, ನೀರು ಸೇದಬಾರದು. ಆಮೇಲೆ ಮಣಿಕಟ್ಟಿಗೆ ಬೆಲ್ಟು ಹಾಕಿಕೊಂಡು ಆಡಬಹುದು. ಬೆಲ್ಟಿಲ್ಲದೆ ಆಡಿದರೆ ಮಾತ್ರ ಮುಂದಿನ ವರ್ಷ ಚೆಂಡಿರಲಿ, ಸೌಟು ಹಿಡಿಯುವುದೂ ಕಷ್ಟ. "ಅಳತೆ ನೋಡಿ ತಗೊಳ್ಳಿ," ಎಂದು ಡಾಕ್ಟರು ಒತ್ತಿ ಹೇಳಿದರು. ಅವರು ಹಾಗೆ ಹೇಳಿದ್ದೇ ತಪ್ಪಾಯಿತು.

ನನ್ನ ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ಮಾರನೇ ದಿನ ಪಾಳಿ ಮುಗಿಸಿ ನೇರ ಕೊಳ್ಳೇಗಾಲಕ್ಕೆ ಹೋಗಿ ಸಂಜೆ ಬೀಗುತ್ತಾ ಬಂದರು. ಪೊಟ್ಟಣ ಬಿಚ್ಚಿದೆ. ತಿಳಿಕಂದು ಬಣ್ಣದ, ಕಾಲುಚೀಲದ ತುಂಡಿನಂಥ ಪಟ್ಟಿ. ಹಾಕಿಕೊಂಡೆ. ಮಣಿಕಟ್ಟು ದಾಟಿ ಸರಾಗವಾಗಿ ಮೊಣಕೈಗೆ ಹೋಯಿತು. ಕೈ ಇಳಿಬಿಟ್ಟೆ, ಜಾರಿ ನೆಲಕ್ಕೆ ಬಿತ್ತು.

"ಇದೇನ್ರೀ ಇದು? ನನ್ನ ಕೈಗೆ ತಂದ್ರೋ, ಎಮ್ಮೆ ಕಾಲಿಗೆ ತಂದ್ರೋ?"

"ಅಳತೆ ಕೊಟ್ಟೇ ತಂದಿದೀನಿ ಕಣೇ!" ಎಂದು ಅವರು ಅಂಗಿ ಜೇಬಿನಿಂದ ನನ್ನ ಹಳೇ ಬಳೆಯನ್ನು ತೆಗೆದು ತೋರಿಸಿದರು. ಆ ಬಳೆಯ ಮೇಲೆ ಪಟ್ಟಿಗಳನ್ನು ಒಂದೊಂದಾಗಿ ತೂರಿಸಿ, ಸರಿಯಾಗಿ ಕೂತದ್ದನ್ನು ಆರಿಸಿ ತಂದಿದ್ದರಂತೆ. ಅಂಗಡಿಯವನೂ ಸುಮ್ಮನಿದ್ದನಂತೆ.

"ಬಳೆ ಅಳತೆ ಅಂದ್ರೆ ಕೈಬೆರಳ ಗಿಣ್ಣು ದಾಟೋ ಅಳತೆ ಕಣ್ರೀ! ಬಳೆ ಮಣಿಕಟ್ಟಿನಲ್ಲಿ ಅಲ್ಲಾಡ್ಬೇಕು. ಬೆಲ್ಟು ಅಲ್ಲಾಡಬಾರ್ದು. ಕಾರ್ಖಾನೇಲಿ ನಟ್ಟು ಬೋಲ್ಟು ಹೇಗ್ರೀ ಕೂರಿಸ್ತೀರಾ ನೀವು?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಇವರಿಗೆ ಅದು ಗೊತ್ತು. ಬಟ್ಟೆ ಬದಲಾಯಿಸಲು ಒಳಗೆ ಹೋದರು. ಅತ್ತೆಯವರು ಆ ಪಟ್ಟಿಯನ್ನು ಎತ್ತಿ ಹಿಗ್ಗಿಸಿ ನೋಡಿ, "ನೀರಿನ ಬಿಂದಿಗೆಗೆ ತೊಡಿಸಬೋದು," ಅಂದರು.

ಮಾರನೇ ದಿನ ಬೆಲ್ಟು ಬದಲಾಯಿಸಿಕೊಂಡು ಬರಲು ನಾನೇ ಹೊರಟೆ. ಅತ್ತೆಯವರೂ ಬೆನ್ನಿಗೆ ಬಂದರು, ಕೊಳ್ಳೇಗಾಲದಲ್ಲಿ ಹುಣಸೆಹಣ್ಣು ನೋಡಬೇಕೆಂದು ನೆಪ. ಔಷಧಿ ಅಂಗಡಿಯ ಮಾದಸ್ವಾಮಿ ನಮ್ಮನ್ನು ಕಂಡವನೇ ನಗು ತಡೆದುಕೊಂಡ.

"ಯಜಮಾನ್ರು ಬಳೆ ಮಡಗಿ, ಇದೇ ಅಳತೆ ಅಂದ್ರು ಕಣಕ್ಕ. ಗಿರಾಕಿ ಮಾತ ನಾನ್ಯಾಕೆ ಮೀರ್ಲಿ?" ಎಂದು, ಟೇಪು ತೆಗೆದು ಮಣಿಕಟ್ಟಿನ ಮೂಳೆಯ ಸುತ್ತ ಅಳೆಯಲು ಬಂದ. ಬಳೆಗಳು ಅಡ್ಡ ಬಂದವು. ಗೌರಿ ಹಬ್ಬಕ್ಕೆ ತೊಟ್ಟ ಹಸಿರು ಗಾಜಿನ ಬಳೆಗಳು, ಕೈ ತುಂಬ. ಅವನ್ನು ಮೇಲಕ್ಕೆ ಸರಿಸಿ ಹಿಡಿದುಕೊಂಡೆ.

ಮಾದಸ್ವಾಮಿ ಮೂರು ತರದ ಬೆಲ್ಟನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಒಂದು ನನ್ನ ಗಂಡ ತಂದಂಥದ್ದೇ ಪಟ್ಟಿ, ಚಿಕ್ಕ ಅಳತೆಯದು. ಇನ್ನೊಂದಕ್ಕೆ ಹೆಬ್ಬೆರಳು ತೂರಿಸಲು ಒಂದು ಕುಣಿಕೆ, ಮಣಿಕಟ್ಟಿಗೆ ಸುತ್ತಿ ಚರ್ರನೆ ಅಂಟಿಸುವ ಪಟ್ಟಿ. ಮೂರನೆಯದರ ಒಳಗೆ ತಗಡು.

ತಗಡಿನದನ್ನು ನೋಡಿ ಅತ್ತೆಯವರು, "ಇದೇ ಗಟ್ಟಿಮುಟ್ಟಾಗದೆ, ಇದ್ನೇ ಕೊಡಪ್ಪ," ಅಂದರು.

"ಅಯ್ಯೋ ಅಮ್ಮ, ಅದು ಮೂಳೆ ಮುರಿದೋರಿಗೆ. ಅದ ಆಕಂಡ್ರೆ ಕೈ ಮಡಿಸಕಾಗಲ್ಲ. ಬಾಲ್ ಎಸೆಯೋದಿರ್ಲಿ, ತಲೆ ಬಾಚ್ಕಳಕೂ ಆಗಲ್ಲ. ಅಕ್ಕನಿಗೆ ಈ ಕುಣಿಕೆದು ಸರಿ. ಕೆಲಸಕ್ಕೆ ತಕ್ಕಂಗೆ ಬಿಗಿ ಮಾಡ್ಕಬೋದು, ಸಡಿಲ ಮಾಡ್ಕಬೋದು. ಬೆರಳು ಜುಮ್ ಅಂದ್ರೆ ಜಾಸ್ತಿ ಬಿಗಿ ಆಯ್ತು ಅಂತ. ಮಲಗೋವಾಗ ತೆಗೆದುಬುಡಿ. ದಿನಪೂರಾ ಆಕಂಡಿದ್ರೂ ಕೈ ಸೋಮಾರಿ ಆಯ್ತದೆ."

"ಸೋಮಾರಿ ಆಗಾಕೆ ಬೆಲ್ಟ್ ಬೇರೆ ಬೇಕಾ ಇವ್ಳಿಗೆ?" ಎಂದರು ಅತ್ತೆ. ಅಂಗಡಿಯಲ್ಲಿ ನಿಂತಿದ್ದವರೆಲ್ಲ ನಕ್ಕರು. ನಾನು ಹಲ್ಲು ಕಚ್ಚಿಕೊಂಡೆ.

"ಒಂದೇ ಮಾತು," ಎಂದು ಮಾದಸ್ವಾಮಿ ಮುಂದುವರಿಸಿದ, "ಇದು ಚರ್ಮಕ್ಕೆ ಕಚ್ಕಂಡು ಕೂರ್ಬೇಕು. ಬಳೆ ತೆಗೀಬೇಕಾಯ್ತದೆ."

ಅಂಗಡಿಯಲ್ಲಿ ನಗು ನಿಂತುಹೋಯಿತು. ಅತ್ತೆಯವರ ಮುಖ ಕಪ್ಪಿಟ್ಟಿತು. "ಶಿವ ಶಿವಾ! ಮುತ್ತೈದೆ ಕೈಲಿ ಬಳೆ ತೆಗ್ಸೋ ಔಸ್ತಿ ಯಾವ್ದಪ್ಪ ನಿಂದು? ಬಳೆ ಮ್ಯಾಲೇ ಸುತ್ತದ್ರೆ ಏನಾಯ್ತದೆ? ಪಟ್ಟಿ ಉದ್ದ ಅದೆಯಲ್ಲ, ಸುತ್ಕತಾಳೆ ಬುಡು."

ಮಾದಸ್ವಾಮಿ ನನ್ನ ಮುಖ ನೋಡಿದ. ನಾನು ಅತ್ತೆಯ ಮುಖ ನೋಡಿದೆ. ಬೇರೆ ಯಾವ ಮಾತಿಗಾದರೂ ನಾನು ಎದುರು ಮಾತಾಡುತ್ತಿದ್ದೆ. ಬಳೆಯ ಮಾತಿಗೆ ನನ್ನ ಬಾಯಿ ಏಳುವುದಿಲ್ಲ, ಯಾಕೆಂದರೆ ಎದುರಿಗಿದ್ದವರ ಬರಿಗೈ ಕಾಣುತ್ತಿರುತ್ತದೆ. ಕುಣಿಕೆಯ ಬೆಲ್ಟನ್ನೇ ತೆಗೆದುಕೊಂಡು, ಬಳೆಯ ಮೇಲೆ ಸುತ್ತಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕೈ ಅಲುಗಿದಾಗಲೆಲ್ಲ ಬಳೆಗಳು ಒಳಗೇ ಕಿರ್ ಕಿರ್ ಅನ್ನುತ್ತಿದ್ದವು. ಹುಣಸೆಹಣ್ಣು ತರುವುದನ್ನು ಅತ್ತೆಯವರು ಮರೆತೇಬಿಟ್ಟಿದ್ದರು.

ಎರಡು ವಾರ ಹಿಟ್ಟಿನ ಕೋಲು ಅತ್ತೆಯವರ ಕೈಗೆ ಹೋಯಿತು. ಮೊದಲನೇ ದಿನ ಊಟಕ್ಕೆ ಕೂತ ನನ್ನ ಗಂಡ ಒಂದು ತುತ್ತು ನುಂಗಿ, "ಅವ್ವ, ಒಂದು ಗಂಟಿಲ್ಲ ಕಣವ್ವ! ಬೆಣ್ಣೆ ಆಗದೆ," ಎಂದು ಹೊಗಳಿದರು. ನಾನು ದುರುಗುಟ್ಟಿ ನೋಡಿದೆ. "ನಿಂದೂ ಚೆನ್ನಾಗಿರುತ್ತೆ," ಎಂದು ಸೇರಿಸಿದರು. ತಡವಾಗಿತ್ತು. ಆವತ್ತು ಅವರಿಗೆ ಎರಡನೇ ಸಲ ಸಾರು ಬಡಿಸಲಿಲ್ಲ.

ಒಂದು ಬೆಳಗ್ಗೆ ಹಸುವಿಗೆ ಹುಲ್ಲು ಹಾಕಿ ಅಡುಗೆಮನೆಗೆ ಬಂದೆ. ಅತ್ತೆಯವರು ಬೆನ್ನು ತಿರುಗಿಸಿ ಕೂತು ಹಿಟ್ಟು ತಿರುವುತ್ತಿದ್ದರು. ಗೂಡಿನಲ್ಲಿ ನಾನಿಟ್ಟಿದ್ದ ಬೆಲ್ಟು ಇರಲಿಲ್ಲ. ನೋಡಿದರೆ ಅದು ಅವರ ಬಲಗೈಯಲ್ಲಿದೆ! ಆ ತೆಳ್ಳನೆಯ ಕೈಗೆ, ಹೆಬ್ಬೆರಳು ಕುಣಿಕೆಯಲ್ಲಿ ತೂರಿ, ಅವರ ಅಳತೆಗೇ ಹೊಲಿಸಿದಂತೆ ಕಚ್ಚಿಕೊಂಡು ಕೂತಿದೆ. ನನ್ನ ನೆರಳು ಬಿದ್ದದ್ದೇ ಚರ್ರನೆ ಕಿತ್ತರು.

"ಏನಿಲ್ಲ ಕಣಮ್ಮಿ. ಗೂಡಲ್ಲಿ ಮಸಿ ಆಯ್ತದೆ ಅಂತ ತಕಂಡೆ."

"ಮಸಿ ಆಗಬಾರ್ದು ಅಂತ ಒಲೆ ಮುಂದೆ ಹಾಕ್ಕೊಂಡ್ರಾ ಅತ್ತೆಮ್ಮ?"

ಅವರು ಬೆಲ್ಟನ್ನು ಗೂಡಿನಲ್ಲಿಟ್ಟು ಮತ್ತೆ ಕೋಲು ಹಿಡಿದರು. ಹಿಟ್ಟು ಉಂಡೆ ಕಟ್ಟುವಾಗ ನೋಡಿದೆ, ಬಲಗೈಯನ್ನು ಎಡಗೈಯಿಂದ ಒತ್ತಿ ಒತ್ತಿ ಹಿಡಿಯುತ್ತಿದ್ದರು. ಎಷ್ಟು ವರ್ಷದಿಂದ ಹಾಗೆ ಹಿಡಿಯುತ್ತಿದ್ದರೋ. ನನಗೆ ಒಂದು ಕಡೆ ನಗು, ಇನ್ನೊಂದು ಕಡೆ ಪಾಪ ಅನ್ನಿಸಿತು. ಆದರೂ ಬಿಡದೆ, "ನೋವಿದ್ರೆ ಹೇಳೋದಲ್ವಾ?" ಎಂದು ಗದರಿದೆ. ನನಗೆ ಪಾಪ ಅನ್ನಿಸಿದಾಗಲೂ ಬಾಯಿಂದ ಬರುವುದು ಗದರಿಕೆಯೇ.

"ಯೋಳುದ್ರೆ ಇಟ್ಟು ತಾನಾಗೇ ತಿರುಗ್ತದಾ?" ಎಂದು ಅವರೂ ತಿರುಗಿ ಗದರಿದರು. ಅಲ್ಲಿಗೆ ಆ ಮಾತು ಮುಗಿಯಿತು.

ಎರಡು ವಾರವಾದ ಮೇಲೆ ಬಳೆಯ ಮೇಲೇ ಬೆಲ್ಟು ಸುತ್ತಿ ಅಭ್ಯಾಸಕ್ಕೆ ಹೋದೆ. ಬಿಗಿಯಾಗಿ ಸುತ್ತಿದರೆ ಬಳೆ ಒತ್ತುತ್ತದೆ, ಸಡಿಲವಾಗಿ ಸುತ್ತಿದರೆ ಬೆಲ್ಟು ಇದ್ದೂ ಇಲ್ಲ. ಮೂರನೇ ಎಸೆತಕ್ಕೆ ಬೆಲ್ಟಿನೊಳಗೆ ಟಪ್ ಅಂತು. ಬಿಚ್ಚಿದರೆ ಎರಡು ಬಳೆ ಚೂರು, ಕೈಯಲ್ಲಿ ರಕ್ತದ ಗೆರೆ. ಮನೆಗೆ ಬಂದಾಗ ಅತ್ತೆಯವರು ರಕ್ತ ನೋಡಲಿಲ್ಲ, ಬಳೆ ನೋಡಿದರು. ಗಾಯಕ್ಕೆ ಅರಿಶಿನ ಹಚ್ಚುತ್ತಾ ಉಳಿದ ಬಳೆಗಳನ್ನು ಎಣಿಸಿದರು. "ಎಚ್ಚಿದ್ವಾ?" ಎಂದು ಒಂದೇ ಮಾತು ಕೇಳಿ, ದೀಪ ಹಚ್ಚಿ ಮಾದಪ್ಪನ ಪಟದ ಮುಂದೆ ಬಹಳ ಹೊತ್ತು ಕೂತರು.

ಆ ರಾತ್ರಿ ಗಂಡನ ಹತ್ತಿರ ಕೂಗಾಡಿದೆ. "ಬಲಗೈ ಬಳೆ ತೆಗೆದೇ ತೆಗೀತೀನಿ. ಆಟ ಮುಗಿದ ಮೇಲೆ ಹಾಕ್ಕೊಳ್ತೀನಿ. ಅದರಿಂದ ನಿಮಗೇನಾದ್ರೂ ಆಗುತ್ತೇನ್ರೀ?"

"ನಂಗೇನೂ ಆಗಲ್ಲ. ತೆಗಿ," ಎಂದರು ಅವರು.

ತೆಗೆಯಲು ಹೋದೆ. ಉಳುಕಿದ ಕೈ ಇನ್ನೂ ಕೊಂಚ ಊದಿತ್ತು. ಗಿಣ್ಣಿನ ಹತ್ತಿರ ಬಳೆ ನಿಂತುಬಿಟ್ಟಿತು. ಸೋಪು ಹಚ್ಚಿದೆ, ಬರಲಿಲ್ಲ. ಇನ್ನು ಒಡೆಯುವುದೊಂದೇ ದಾರಿ. ಒರಳುಕಲ್ಲಿನ ಮೇಲೆ ಕೈಯಿಟ್ಟು ಚಿಕ್ಕ ಗುಂಡುಕಲ್ಲು ಎತ್ತಿದೆ. ಎತ್ತಿದ ಕೈ ಇಳಿಯಲಿಲ್ಲ. ಇಷ್ಟೆಲ್ಲ ಬಾಯಿ ಮಾಡುವ ನನಗೆ, ಗಂಡ ಎದುರಿಗೆ ಕೂತು ಆಕಳಿಸುತ್ತಿರುವಾಗ, ನನ್ನ ಬಳೆ ನಾನೇ ಒಡೆಯಲು ಧೈರ್ಯ ಬರಲಿಲ್ಲ. ಕಲ್ಲು ಇಟ್ಟು ಹೋಗಿ ಮಲಗಿಕೊಂಡೆ.

ಪಂದ್ಯದ ದಿನ ಕಾರ್ಖಾನೆಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಊರಿಗೆ ಊರೇ ಕೊಳ್ಳೇಗಾಲಕ್ಕೆ ಹೊರಟಿತು. ಅತ್ತೆಯವರು ಮೊದಲೇ ಹತ್ತಿ ಮೂಲೆಯಲ್ಲಿ ಕೂತಿದ್ದರು. ನಾನು ಬಳೆ ತೆಗೆಯುತ್ತೇನೋ ಎಂದು ಕಾಯಲು ಬಂದಿದ್ದಾರೆ ಅಂತ ನನಗೆ ಗೊತ್ತಿತ್ತು. ಮುಖ ಕೊಟ್ಟು ಮಾತಾಡಲಿಲ್ಲ.

ಮೈದಾನದಲ್ಲಿ ಎಲ್ಲ ಹೆಂಗಸರೂ ಗಾಜಿನ ಬಳೆಯ ಮೇಲೆ ಕರ್ಚೀಫು ಕಟ್ಟಿಕೊಂಡರು. ನಾನು ಎಡಗೈಗೆ ಕರ್ಚೀಫು ಕಟ್ಟಿದೆ, ಬಲಗೈಗೆ ಬಳೆ, ಅದರ ಮೇಲೆ ಬಟ್ಟೆ, ಅದರ ಮೇಲೆ ಬೆಲ್ಟು. ಕೈ ಅನ್ನುವುದು ಕಬ್ಬಿನ ಕಟ್ಟಿನ ಹಾಗೆ ಕಾಣುತ್ತಿತ್ತು. ಮೊದಲ ಪಂದ್ಯದಲ್ಲಿ ಹನೂರಿನವರನ್ನು ಹೇಗೋ ಸೋಲಿಸಿದೆವು. ಆಡಿದ್ದೆಲ್ಲ ಮಹಾದೇವಮ್ಮನವರೇ. ನಾನು ಹಿಡಿದು ಹಿಡಿದು ಪಕ್ಕದವರಿಗೆ ಬಿಡುತ್ತಿದ್ದೆ.

ಫೈನಲಿಗೆ ಮಾರ್ಟಳ್ಳಿಯವರು ಬಂದರು. ಎತ್ತರದ ಆಳುಗಳು, ಗಟ್ಟಿ ತೋಳುಗಳು. ಅವರ ಕಡೆಯವರು ಗೆರೆಯಾಚೆ ನಿಂತು "ಪೋಡು! ಪೋಡು!" ಎಂದು ತಮಿಳಿನಲ್ಲಿ ಕೂಗಿದರೆ ಮೈದಾನವೇ ನಡುಗುತ್ತಿತ್ತು. ನನ್ನ ಸರದಿ ಬಂದಾಗ ಎಸೆದೆ. ಕೈ ಅರ್ಧಕ್ಕೇ ನಿಂತಿತು, ಚೆಂಡು ನೆಟ್ಟಿಗೆ ಬಡಿದು ಕಾಲ ಹತ್ತಿರವೇ ಬಿತ್ತು. ಇನ್ನೊಂದು ಎಸೆದೆ, ಅದೂ ಅಷ್ಟೇ. ಮೊದಲನೇ ಸೆಟ್ಟು ಮಾರ್ಟಳ್ಳಿಗೆ ಹೋಯಿತು. ಗುಂಪಿನಲ್ಲಿದ್ದ ಯಾರೋ ಒಬ್ಬ ಗಂಡಸು, "ಏನ್ ಕುಂತೂರಕ್ಕ, ನಿಮ್ಮನೇಲಿ ಇಟ್ಟು ಆಕಾಕಿಲ್ವಾ?" ಎಂದು ಕೂಗಿದ. ಎಲ್ಲರೂ ಹೋ ಎಂದು ನಕ್ಕರು.

ಆ ಮಾತು ನನಗಿಂತ ಜಾಸ್ತಿ ಬೇರೆಯವರಿಗೆ ತಾಗಿತು. ಗುಂಪನ್ನು ಸೀಳಿಕೊಂಡು ದೊಡ್ಡಬಸಮ್ಮನವರು ಬಂದರು. "ಯಾವನ್ಲಾ ಅವನು? ಬಾ ಇಲ್ಲಿ, ನಮ್ಮನೆ ಇಟ್ಟು ನುಂಗಿ ನೋಡು ಬಾ! ಗಂಟ್ಲಲ್ಲಿ ಇಳಿಯೋದೇ ಗೊತ್ತಾಗಾಕಿಲ್ಲ ನಿಂಗೆ!" ಎಂದು ಅವನನ್ನು ಹುಡುಕಿದರು. ಅವನು ಆ ಹೊತ್ತಿಗೆ ಯಾರ ಬೆನ್ನ ಹಿಂದೆ ಸೇರಿದ್ದನೋ. ಆಮೇಲೆ ನನ್ನ ಕಡೆ ತಿರುಗಿ, "ನೀನು ಬಾ ಇತ್ತಗೆ," ಎಂದು ರಟ್ಟೆ ಹಿಡಿದು ನಲ್ಲಿಯ ಹತ್ತಿರ ಕರೆದುಕೊಂಡು ಹೋದರು.

ಬೈಸಿಕೊಳ್ಳಲು ಸಿದ್ಧವಾಗಿದ್ದೆ. ಅವರು ಬೆಲ್ಟು ಬಿಚ್ಚಿದರು, ಬಟ್ಟೆ ಬಿಚ್ಚಿದರು. ತಮ್ಮ ತುರುಬಿಗೆ ಕೈ ಒತ್ತಿ, ಅಂಗೈಗೆ ಹತ್ತಿದ ಕೊಬ್ಬರಿ ಎಣ್ಣೆಯನ್ನು ನನ್ನ ಗಿಣ್ಣುಗಳಿಗೆ ಸವರಿದರು. ನನ್ನ ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ ಹಿಡಿದು, ಹಾಲು ಕರೆಯುವವರ ಹಾಗೆ ಮೆತ್ತಗೆ ಎಳೆದರು. ಒಂದು ಬಳೆ ಬಂತು.

"ಅತ್ತೆಮ್ಮ, ಏನ್ ಮಾಡ್ತಿದೀರಿ?"

"ಸುಮ್ಕಿರು. ಕೈ ಸಡಿಲ ಬುಡು." ಇನ್ನೊಂದು ಬಂತು. "ಅದು ಚರ್ಮಕ್ಕೇ ಕಚ್ಕಬೇಕು ಕಣಮ್ಮಿ. ಬಳೆ ಮ್ಯಾಲೆ ಕಟ್ಟುದ್ರೆ ಏನೂ ಇಲ್ಲ. ಬರಿಗೈಗೆ ಕಟ್ಟುದ್ರೆ ನೋವು ಎಂಗೆ ಇಳೀತದೆ ಅಂತ ನಂಗೊತ್ತು."

"ಮತ್ತೆ ಬಲಗೈ ಬರಿದಾಗುತ್ತಲ್ಲ?" ಎಂದೆ. ಕೇಳಿದ್ದು ನಾನೇ, ನನ್ನ ಬಾಯಿಂದಲೇ ಆ ಮಾತು ಬಂತು.

"ಎಡಗೈಯಾಗೆ ಅವೆಯಲ್ಲ. ಮಾದಪ್ಪಂಗೆ ನಾನೇಳ್ಕತೀನಿ. ನೀನೋಗಿ ಎಸಿ."

ಕೊನೆಯ ಬಳೆಯೂ ಬಂತು. ಒಂದೇ ಒಂದು ಹೆಚ್ಚಲಿಲ್ಲ. ಬೆಲ್ಟನ್ನು ಅವರೇ ಕಟ್ಟಿದರು, ಬೆರಳು ಜುಮ್ ಅನ್ನುತ್ತಿದೆಯೇ ಎಂದೂ ಕೇಳಿದರು. ಮಾದಸ್ವಾಮಿ ಹೇಳಿದ್ದನ್ನು ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದರು. ಬಳೆಗಳನ್ನು ಹಿಡಿದುಕೊಂಡು ಎಲ್ಲಿಡುವುದು ಎಂದು ಆ ಕಡೆ ಈ ಕಡೆ ನೋಡುತ್ತಾ ನಿಂತರು. ಅಷ್ಟರಲ್ಲಿ ಸೀಟಿ ಊದಿದರು, ನಾನು ಓಡಿದೆ.

ಇನ್ನು ನನ್ನ ಎಸೆತದ ವರ್ಣನೆ ನಾನೇ ಮಾಡಬಾರದು. ಆದರೂ ಮಾಡುತ್ತೇನೆ. ಮೊದಲ ಚೆಂಡು ಕೈಬಿಟ್ಟಾಗ ಮಣಿಕಟ್ಟನ್ನು ಯಾರೋ ಗಟ್ಟಿಯಾಗಿ ಹಿಡಿದುಕೊಂಡು ಹೋಗು ಎಂದು ದೂಡಿದಂತಾಯಿತು. ಚೆಂಡು ನೆಟ್ಟಿನ ಮೇಲೆ ಸವರಿಕೊಂಡು ಹೋಗಿ ಮಾರ್ಟಳ್ಳಿಯವರ ಹಿಂದಿನ ಮೂಲೆಯಲ್ಲಿ ಬಿತ್ತು. ಯಾರೂ ಅಲ್ಲಾಡಲೇ ಇಲ್ಲ. ಎರಡನೇ ಸೆಟ್ಟಿನ ಅರ್ಧಕ್ಕೆ ಅವರು ನನ್ನನ್ನು ನೋಡಿ ಹಿಂದೆ ಸರಿದು ನಿಲ್ಲತೊಡಗಿದರು. ಹೇಳಿದೆನಲ್ಲ, ಸುಳ್ಳಲ್ಲ. ಆ ಸೆಟ್ಟು ನಮ್ಮದಾಯಿತು. ನನಗೆ ಅಳು ಬರುವಷ್ಟು ಖುಷಿಯಾಗಿತ್ತು.

ಮೂರನೇ ಸೆಟ್ಟು ಸಮಸಮ ಹೋಗಿ ಕೊನೆಯ ಹಂತಕ್ಕೆ ಬಂತು. ಇನ್ನೊಂದು ಅಂಕ ಬಂದರೆ ನಾವು ಗೆದ್ದಂತೆ. ಚೆಂಡು ನನ್ನ ಕೈಯಲ್ಲಿ. ಗೆರೆಯಾಚೆ ನಮ್ಮೂರವರೆಲ್ಲ ಕೂಗುತ್ತಿದ್ದರು. ಅವರ ಮಧ್ಯೆ ಅತ್ತೆಯವರು ಬಲಗೈ ಮೇಲಕ್ಕೆತ್ತಿ, "ಎಸಿಯಮ್ಮೀ! ಎಸೀ!" ಎಂದು ಕುಣಿಯುತ್ತಿದ್ದರು. ಸೆರಗು ಜಾರಿತ್ತು. ಎತ್ತಿದ ಕೈಯಲ್ಲಿ ನನ್ನ ಹಸಿರು ಬಳೆಗಳು ಘಲ್ ಘಲ್ ಎಂದು ಮೇಲೆ ಕೆಳಗೆ ಓಡಾಡುತ್ತಿದ್ದವು. ಬಿಸಿಲಿಗೆ ಮಿರಮಿರ ಮಿನುಗುತ್ತಿದ್ದವು.

ನಾನು ಚೆಂಡು ಹಿಡಿದು ನಿಂತೇಬಿಟ್ಟೆ. ಮೂರು ಸೆಕೆಂಡಿನೊಳಗೆ ಎಸೆಯಬೇಕು ಅನ್ನುವುದೂ ಮರೆತುಹೋಯಿತು. ಅಂಪೈರು ಸೀಟಿ ಊದಿ ಚೆಂಡನ್ನು ಅವರಿಗೆ ಕೊಟ್ಟರು. "ಏನಾಯ್ತು ಪವಿತ್ರ ನಿಮಗೆ? ನಿದ್ದೆ ಬಂತಾ?" ಎಂದು ಮಹಾದೇವಮ್ಮ ತಲೆ ಚಚ್ಚಿಕೊಂಡರು. "ಕಣ್ಣಿಗೆ ಧೂಳು ಬಿತ್ತು," ಎಂದೆ. ಕಣ್ಣು ಒರೆಸಿಕೊಂಡದ್ದಂತೂ ನಿಜ. ಅದಾದ ಮೇಲೆ ಆ ಕಡೆ ತಿರುಗಿ ನೋಡಲೇ ಇಲ್ಲ. ಮುಂದಿನ ಚೆಂಡು ನನ್ನ ಕೈಗೆ ಬಂದಾಗ, ಇದ್ದಬದ್ದ ಶಕ್ತಿಯನ್ನೆಲ್ಲ ಮಣಿಕಟ್ಟಿಗೆ ತಂದು ಎಸೆದೆ. ಮಾರ್ಟಳ್ಳಿಯ ಎತ್ತರದ ಹೆಂಗಸು ಹಿಡಿದಳು, ಹಿಡಿದು ಬಿಟ್ಟಳು. ನಾವು ಗೆದ್ದೆವು.

ವಾಪಸು ಬರುವಾಗ ಟ್ರೇಲರಿನಲ್ಲಿ ಹಾಡು, ಕೂಗು, ಗಲಾಟೆ. ಅತ್ತೆಯವರು ಮೂಲೆಯಲ್ಲಿ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದರು. ಟ್ರೇಲರು ಗುಂಡಿಗೆ ಇಳಿದಾಗಲೆಲ್ಲ ಸೆರಗಿನೊಳಗಿಂದ ಸಣ್ಣಗೆ ಘಲ್ ಅನ್ನುತ್ತಿತ್ತು. ನನ್ನ ಗಂಡ ಒಮ್ಮೆ ನನ್ನ ಕೈ ನೋಡಿ, "ನಿನ್ನ ಬಳೆ ಎಲ್ಲೇ?" ಎಂದು ಕೇಳಲು ಬಾಯಿ ತೆರೆದರು. ಕಾಲು ತುಳಿದೆ. ಜೋರಾಗಿಯೇ ತುಳಿದೆ. ಅತ್ತೆಯವರು ಕಬ್ಬಿನ ಗದ್ದೆಗಳ ಕಡೆ ಮುಖ ಮಾಡಿಕೊಂಡಿದ್ದರು. ನಾನು ಬಳೆ ಕೇಳಲಿಲ್ಲ. ದಾರಿ ಇನ್ನಷ್ಟು ಉದ್ದ ಇರಬಾರದಾಗಿತ್ತೇ ಅನ್ನಿಸಿತು.

ಮನೆಗೆ ಬಂದ ಮೇಲೆ ಅವರು ನೆಟ್ಟಗೆ ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಬಳೆಗಳನ್ನು ಒಂದು ಬಟ್ಟೆಯಲ್ಲಿ ಹಿಡಿದು ತಂದರು.

"ತಕೊ. ಒಂದೂ ಎಚ್ಚಿಲ್ಲ. ಆ ನೂಕುನುಗ್ಗಲಲ್ಲಿ ಸೆರಗಿಗೆ ಕಟ್ಟುದ್ರೆ ಪುಡಿಪುಡಿ ಆಯ್ತವೆ ಅಂತ..." ಎಂದು ಬಟ್ಟೆಯನ್ನು ನನ್ನ ಮುಂದೆ ಹಿಡಿದರು.

"ಕೈಲಿಟ್ಕೊಂಡಿದ್ದು ಒಳ್ಳೇದಾಯ್ತು ಅತ್ತೆಮ್ಮ. ಗಾಜಿನ ಬಳೆಗೆ ಕೈಗಿಂತ ಭದ್ರವಾದ ಜಾಗ ಎಲ್ಲಿದೆ?" ಎಂದೆ. ಈ ಸಲ ನನ್ನ ದನಿಯಲ್ಲಿ ಗದರಿಕೆ ಇರಲಿಲ್ಲ. ಅವರು ನನ್ನ ಕೈಗೆ ಎಣ್ಣೆ ಸವರಿ ಬಳೆಗಳನ್ನು ಒಂದೊಂದಾಗಿ ತೊಡಿಸಿದರು. ನಾನು ಬೆಲ್ಟನ್ನು ಅವರ ಕೈಗೆ ಕಟ್ಟಿ, ಬೆರಳು ಜುಮ್ ಅನ್ನುತ್ತಾ ಎಂದು ಕೇಳಿದೆ. ಬೇಡ ಅನ್ನಲಿಲ್ಲ.

ಹಿಟ್ಟಿಗೆ ಎಸರು ಕುದಿಯತೊಡಗಿತು. ನಾನು ನಡುಮನೆಯಲ್ಲಿ ಕಾಲು ಚಾಚಿ ಕೂತಿದ್ದೆ. ನನ್ನ ಗಂಡ ತಮ್ಮ ಕಾಲಿನ ಬೆರಳು ನೀವಿಕೊಳ್ಳುತ್ತಾ, ಮುಂದಿನ ಬೆಲ್ಟಿಗೆ ಯಾವ ಅಳತೆ ಒಯ್ಯಬೇಕೆಂದು ಮೆಲ್ಲಗೆ ಕೇಳುತ್ತಿದ್ದರು. ಒಳಗಿನಿಂದ ಕೋಲು ತಿರುವುವ ಸದ್ದು ನಿಂತಿತು.

"ಅಮ್ಮೀ."

"ಏನತ್ತೆಮ್ಮ?"

"ಇನ್ನು ಜಿಲ್ಲೆಗೆ ಓಯ್ತೀರಂತಲ್ಲ, ಯಾವತ್ತು ಅದು?"

"ಮುಂದಿನ ವಾರ, ಚಾಮರಾಜನಗರದಲ್ಲಿ."

ಕೋಲು ಮತ್ತೆ ತಿರುಗಿತು. ಒಂದೆರಡು ಸುತ್ತಾದ ಮೇಲೆ ಮತ್ತೆ ನಿಂತಿತು.

"ನಾನೂ ಬತ್ತೀನಿ. ಬಳೆ ಇಡ್ಕಳಾಕೆ ಯಾರಾರ ಬೇಕಲ್ಲ." ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು. "ಮೂರು ಸೆಟ್ಟೂ ಆಡಮ್ಮಿ. ಎರಡ್ರಲ್ಲೇ ಬಿರ್ನೆ ಗೆದ್ದುಬುಡಬ್ಯಾಡ."